‘ಓದದಿದ್ದರೆ ಗ್ಯಾರೇಜಿಗೆ ಹೋಗು’: ಒಂದು ತಕರಾರು, ಒಂದು ತಪ್ಪೊಪ್ಪಿಗೆ



ಕಳೆದ ತಿಂಗಳು ನನ್ನ ಮನೆಯಂಗಳದಲ್ಲಿ ನಡೆದ ಒಂದು ಸಣ್ಣ ಕೆಲಸದ ಸುದ್ದಿ ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ತಲುಪಿದೆಯೆಂದು ಬಲ್ಲೆ. ತಲುಪಿಸಿದವರು ಯಾರೆಂಬುದನ್ನೂ ಬಲ್ಲೆ. ಆಕೆ ಈಗ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಳಾದ್ದರಿಂದ ಹೆಸರು ಹೇಳುವುದಿಲ್ಲ. ‘ಮೇಷ್ಟ್ರು ಅರವತ್ತಾರನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಬಿಚ್ಚಿ ಹಾಕಿಕೊಂಡು ಕುಳಿತಿದ್ದಾರಂತೆ’ ಎಂಬ ವಾರ್ತೆ ಶಿವಮೊಗ್ಗದಿಂದ ಹೊರಟು ಒಂದೇ ದಿನದಲ್ಲಿ ಬೆಂಗಳೂರನ್ನೂ ದಾಟಿ ಸಾಗರೋಲ್ಲಂಘನ ಮಾಡಿತು. ಮರುದಿನ ಬೆಂಗಳೂರಿನಿಂದ ಸೋದರಳಿಯನ ಫೋನು ಬಂತು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ದನಿ ತಗ್ಗಿಸಿ ಕೇಳಿದ: “ಮಾವ, ದುಡ್ಡಿಗೇನಾದರೂ ತೊಂದರೆಯೇ? ಸಂಕೋಚ ಬೇಡ, ಹೇಳಿ.”

ಅವನ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ನಾನು ಅಂಗಳದಲ್ಲಿ ಕುಳಿತು ವೀಣೆ ನುಡಿಸುತ್ತಿದ್ದರೆ, ಚಿತ್ರ ಬರೆಯುತ್ತಿದ್ದರೆ, ಸಂಸ್ಕೃತ ಕಲಿಯುತ್ತಿದ್ದರೆ ಯಾರೂ ನನ್ನ ಹಣದ ಸ್ಥಿತಿಯನ್ನು ವಿಚಾರಿಸುತ್ತಿರಲಿಲ್ಲ. ಕೈಗೆ ಗ್ರೀಸು ಹತ್ತಿತೆಂದ ಕೂಡಲೇ ‘ಪಾಪ, ಏನೋ ಕಷ್ಟವಿರಬೇಕು’ ಎಂದು ನಮಗೆ ಅನ್ನಿಸುವುದೇಕೆ? ಓದಿದವನು ಸ್ಪ್ಯಾನರ್ ಹಿಡಿಯುವುದು ದಾರಿದ್ರ್ಯದ ಲಕ್ಷಣವೆಂದು ನಮಗೆ ಕಲಿಸಿದವರು ಯಾರು? ಉತ್ತರ ಹುಡುಕುತ್ತಾ ಹೋದರೆ ಬೆರಳು ಕೊನೆಗೆ ನನ್ನ ಕಡೆಗೇ ತಿರುಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಡೆದದ್ದೇನೆಂದು ಹೇಳಿಬಿಡುತ್ತೇನೆ.

ಮಗ ಹೊರದೇಶಕ್ಕೆ ಹೋಗುವಾಗ ಬಿಟ್ಟುಹೋದ ಪ್ರವಾಸಿ ಮೋಟಾರ್ ಸೈಕಲ್ ಒಂದು ನನ್ನ ಬಳಿ ಇದೆ. ಎತ್ತರದ ಗಾಡಿ, ದೂರ ಪ್ರಯಾಣಕ್ಕೆಂದೇ ಮಾಡಿದ್ದು. ನಿವೃತ್ತಿಯ ನಂತರ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಎಂದು ನಿಧಾನವಾಗಿ ಅದರಲ್ಲಿ ತಿರುಗಾಡುವುದು ನನ್ನ ಅಭ್ಯಾಸ. ಈ ಮಳೆಗಾಲ ಮುಗಿದ ಮೇಲೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಡಿಯ ಹಿಂಭಾಗ ತೊಟ್ಟಿಲಿನಂತೆ ತೂಗಲು ಆರಂಭಿಸಿತು. ಒಂದು ಹಳ್ಳ ದಾಟಿದರೆ ಮೂರು ಬಾರಿ ಮೇಲೆ ಕೆಳಗೆ. ಮನೆಗೆ ಬಂದು ಬಗ್ಗಿ ನೋಡಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ, ಅಂದರೆ ನಮ್ಮ ಗ್ಯಾರೇಜುಗಳ ಬಾಯಲ್ಲಿ ‘ಶಾಕಪ್’ನ, ದಂಡದ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು.

ವಿಜ್ಞಾನದ ಮೇಷ್ಟ್ರಾದ್ದರಿಂದ ಒಂದು ಸಣ್ಣ ಪಾಠ ಮಾಡದೆ ಮುಂದೆ ಹೋಗಲಾರೆ, ದಯವಿಟ್ಟು ಸಹಿಸಿಕೊಳ್ಳಿ. ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ರಸ್ತೆಯ ಆಘಾತವನ್ನು ಮೊದಲು ನುಂಗುವುದು ಸ್ಪ್ರಿಂಗ್. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ಒಂಬತ್ತನೆಯ ತರಗತಿಯಲ್ಲಿ ತಕ್ಕಡಿಯ ಕಲ್ಲು ತೂಗುಹಾಕಿ ತೋರಿಸುತ್ತಿದ್ದೆನಲ್ಲ, ಅದೇ: ಎಷ್ಟು ಬಲವೋ ಅಷ್ಟು ಹಿಗ್ಗು, ಅಷ್ಟು ಕುಗ್ಗು. ಆದರೆ ಸ್ಪ್ರಿಂಗ್ ನುಂಗಿದ್ದನ್ನು ಜೀರ್ಣಿಸಿಕೊಳ್ಳುವುದಿಲ್ಲ, ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಅದರೊಳಗಿನ ಡ್ಯಾಂಪರ್. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಓಡಾಡುವ ಕೊಂತ, ಕೊಂತದಲ್ಲಿ ಕಿರಿದಾದ ರಂಧ್ರಗಳು. ಎಣ್ಣೆ ಆ ರಂಧ್ರಗಳಲ್ಲಿ ನುಸುಳಲು ಒದ್ದಾಡುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಎಣ್ಣೆ ನೊರೆಯೇಳದಿರಲೆಂದು ಅನೇಕ ಶಾಕಪ್‌ಗಳಲ್ಲಿ ಸಾರಜನಕವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಸೀಲು ಸವೆದು ಎಣ್ಣೆ ಸೋರಿಹೋದರೆ ಡ್ಯಾಂಪರ್ ಸತ್ತಂತೆಯೇ. ಪರೀಕ್ಷೆಯೂ ಸುಲಭ: ಗಾಡಿಯ ಹಿಂಭಾಗವನ್ನು ಬಲವಾಗಿ ಅದುಮಿ ಕೈಬಿಡಿ. ಒಮ್ಮೆ ಮೇಲೆದ್ದು ನಿಂತರೆ ಕ್ಷೇಮ. ಮತ್ತೆ ಮತ್ತೆ ಕುಣಿದರೆ ಅದರ ಕಾಲ ಮುಗಿಯಿತೆಂದು ತಿಳಿಯಿರಿ.

ಇದನ್ನು ಹೊಸದಾಗಿ ಬದಲಿಸಬೇಕೆಂದು ಷೋರೂಮಿಗೆ ಹೋದೆ. ಎದುರಿಗಿದ್ದ ತರುಣ ಬಹಳ ಸಭ್ಯ. ಆದರೆ ಅವನ ಉತ್ತರ ಮಾತ್ರ ಗೋಡೆಯಂತಿತ್ತು. “ಅಂಕಲ್, ಪಾರ್ಟ್ ಕೈಗೆ ಕೊಡಲ್ಲ. ಗಾಡಿ ಬಿಟ್ಟು ಹೋಗಿ, ನಾವೇ ಹಾಕಿಕೊಡ್ತೀವಿ.” ಸರಿ, ಬೋಲ್ಟನ್ನು ಎಷ್ಟು ಬಲದಲ್ಲಿ ಬಿಗಿಯಬೇಕೆಂಬ ಅಂಕಿಯನ್ನಾದರೂ ಹೇಳಪ್ಪಾ ಎಂದೆ. “ಅದೆಲ್ಲ ಕಂಪನಿ ಮಾಹಿತಿ ಅಂಕಲ್, ಹೊರಗೆ ಹೇಳೋ ಹಾಗಿಲ್ಲ.” ನಾನು ಕೊಂಡ ವಸ್ತು, ನನ್ನ ಹೆಸರಿನಲ್ಲಿ ನೋಂದಣಿಯಾದ ವಸ್ತು, ಅದರ ಬೋಲ್ಟನ್ನು ಹೇಗೆ ಬಿಗಿಯಬೇಕೆಂಬುದು ನನ್ನಿಂದ ಮುಚ್ಚಿಡಬೇಕಾದ ಗುಟ್ಟು! ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ತಿಳಿದದ್ದನ್ನೆಲ್ಲ ಬರೆದು ಹಂಚಿದವನಿಗೆ ಈ ಮಾತು ಕೆನ್ನೆಗೆ ಹೊಡೆದಂತಾಯಿತು.

ಇಲ್ಲಿಂದ ನನ್ನ ತಕರಾರು ಆರಂಭ.

1988ರಲ್ಲಿ ನಾನೊಂದು ಹಳೆಯ ಯೆಜ್ಡಿ ಕೊಂಡಿದ್ದೆ. ನಿಮ್ಮಲ್ಲಿ ಹಿರಿಯರಿಗೆ ಅದರ ಸದ್ದು ನೆನಪಿರಬಹುದು. ಗೇಟಿಗೆ ಬರುವ ಮೊದಲೇ ತರಗತಿ ಶಾಂತವಾಗುತ್ತಿತ್ತು. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಅದರ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳಿದ್ದವು. ಅಂದರೆ ಮಾಲೀಕ ಬಿಚ್ಚುತ್ತಾನೆ, ಬಿಚ್ಚಲಿ ಎಂಬುದು ಆ ಕಾಲದ ಸಹಜ ತಿಳಿವಳಿಕೆ. ಇಂದಿನ ತಿಳಿವಳಿಕೆ ಅದಕ್ಕೆ ತದ್ವಿರುದ್ಧ: ಮಾಲೀಕ ಕೊಳ್ಳಲಿ, ಓಡಿಸಲಿ, ಕಂತು ಕಟ್ಟಲಿ, ಒಳಗೇನಿದೆಯೆಂದು ಮಾತ್ರ ಕೇಳದಿರಲಿ.

ಇದು ನನ್ನೊಬ್ಬನ ಗೊಣಗಾಟವೆಂದು ತಳ್ಳಿಹಾಕಬೇಡಿ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಗೆ ಬೇಕಾದ ಉಪಕರಣ, ಮಾಹಿತಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಾರೆಂಬುದು ಆಯೋಗದ ನಿರ್ಣಯ. ಕಂಪನಿಗಳು ಅದರ ವಿರುದ್ಧ ಮೇಲಿನ ಮೆಟ್ಟಿಲು ಹತ್ತಿದವೆನ್ನುವುದು ಬೇರೆ ಮಾತು. 2012ರಲ್ಲಿಯೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ ಮತ ಹಾಕಿ ವಾಹನಗಳ ‘ದುರಸ್ತಿಯ ಹಕ್ಕು’ ಪಡೆದಿದ್ದರು. ನಮ್ಮಲ್ಲಿಯೂ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಹಕ್ಕಿನ ಬಗ್ಗೆ ಸಮಿತಿ ರಚಿಸಿತು; ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಜಾಲತಾಣದಲ್ಲಿ ಇರುವ ಹಕ್ಕು ಷೋರೂಮಿನ ಮೇಜಿನವರೆಗೆ ಇನ್ನೂ ನಡೆದು ಬಂದಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

ಷೋರೂಮಿನಿಂದ ಬರಿಗೈಲಿ ಹೊರಟವನು ಹೊಳೆಯ ಆಚೆಗಿರುವ ಒಂದು ಚಿಕ್ಕ ಗ್ಯಾರೇಜಿಗೆ ಹೋದೆ. ಅದರ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಬೇರೆ ಊರಿನ ಅಂಗಡಿಯಿಂದ ಹೊಸ ಶಾಕಪ್ ತರಿಸಿಕೊಟ್ಟವನೂ ಅವನೇ, ತನ್ನ ಟಾರ್ಕ್ ರೆಂಚನ್ನು ಎರವಲು ಕೊಟ್ಟವನೂ ಅವನೇ, ತನ್ನಲ್ಲಿದ್ದ ದುರಸ್ತಿ ಕೈಪಿಡಿಯ ಎರಡು ಪುಟಗಳನ್ನು ತೋರಿಸಿ ‘ಗುಟ್ಟಿನ’ ಅಂಕಿಗಳನ್ನು ಬರೆದುಕೊಳ್ಳಲು ಬಿಟ್ಟವನೂ ಅವನೇ. “ನಾನೇ ಹಾಕಿಕೊಡ್ತೀನಿ ಸಾರ್, ನೀವ್ಯಾಕೆ?” ಎಂದ. “ಕಲಿಯಬೇಕಪ್ಪಾ” ಎಂದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಹಾಗಾದ್ರೆ ಮಾಡಿ ಸಾರ್. ಎರಡು ಮಾತು ನೆನಪಿಟ್ಕೊಳ್ಳಿ. ಬೋಲ್ಟಿನ ಮೇಲೆ ಭಾರ ಇರುವಾಗ ಅದನ್ನ ಹೊಡೀಬೇಡಿ. ಹಳೇ ಶಾಕಪ್‌ನ ಬಿಚ್ಚಿ ನೋಡೋಕೆ ಹೋಗಬೇಡಿ, ಒಳಗೆ ಗ್ಯಾಸ್ ಇರುತ್ತೆ” ಎಂದ. ಇಪ್ಪತ್ತು ನಿಮಿಷದ ಉಪನ್ಯಾಸಕ್ಕಿಂತ ಬೆಲೆಬಾಳುವ ಎರಡು ವಾಕ್ಯಗಳು.

ಮರುದಿನ ಬೆಳಿಗ್ಗೆ ಗಾಡಿಯನ್ನು ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಮುಂದಿನ ಬ್ರೇಕಿನ ಹಿಡಿಯನ್ನು ದಾರದಿಂದ ಬಿಗಿದು ಕಟ್ಟಿದೆ, ಮುಂದಕ್ಕೆ ಉರುಳದಿರಲೆಂದು. ಸೀಟು, ಪಕ್ಕದ ಮುಚ್ಚಳಗಳು ಹೊರಬಂದವು. ತೆಗೆದ ಪ್ರತಿ ಬೋಲ್ಟನ್ನೂ ಹಳೆಯ ದಿನಪತ್ರಿಕೆಯ ಮೇಲೆ ಕ್ರಮವಾಗಿ ಇಟ್ಟು ಪಕ್ಕದಲ್ಲಿ ಪೆನ್ಸಿಲಿನಿಂದ ಹೆಸರು ಬರೆದೆ. ಹಿಂದಿನ ಚಕ್ರದ ಕೆಳಗೆ ಹಲಗೆಯ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದೆ. ಚಕ್ರದ ಭಾರ ಹಲಗೆಗೆ ವರ್ಗವಾದ ಆ ಒಂದು ಹಂತದಲ್ಲಿ, ಅದುವರೆಗೆ ಕಲ್ಲಿನಂತೆ ಕುಳಿತಿದ್ದ ಕೆಳಗಿನ ಬೋಲ್ಟು ಬೆರಳಿಗೆ ಸಿಕ್ಕಿ ಹೊರಜಾರಿತು! ಬಲಪ್ರಯೋಗಕ್ಕೂ ಬಲದ ಜ್ಞಾನಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ನಾನು ತರಗತಿಯಲ್ಲಿ ಒಮ್ಮೆಯೂ ತೋರಿಸಿರಲಿಲ್ಲ. ಅನಂತರ ಕೆಳಗಿನ ಕೊಂಡಿಯ ಜೋಡಣೆ, ಕೊನೆಗೆ ಮೇಲಿನ ಬೋಲ್ಟು. ಹಳೆಯ ಶಾಕಪ್ ಕೆಳಮುಖವಾಗಿ ಹೊರಬಂತು. ಕೊಂಡಿಯ ಬೇರಿಂಗುಗಳಲ್ಲಿ ಗ್ರೀಸಿನ ಸುಳಿವೂ ಇರಲಿಲ್ಲ, ಬರೀ ಕೆಂಪು ತುಕ್ಕು. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ತುಂಬಿದೆ. ಹೊಸ ಶಾಕಪ್ ಮಾತ್ರ ಹಾಕಿ ಇದನ್ನು ಹಾಗೆಯೇ ಬಿಟ್ಟಿದ್ದರೆ ರೋಗಕ್ಕೆ ಬದಲು ರೋಗಿಯ ಅಂಗಿ ಬದಲಿಸಿದಂತಾಗುತ್ತಿತ್ತು.

ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿದೆ. ಬೋಲ್ಟು ಕೂಡ ಒಂದು ಸ್ಪ್ರಿಂಗೇ ಎಂಬುದನ್ನು ಮರೆಯಬಾರದು. ಹದವಾಗಿ ಎಳೆದರೆ ಹಿಡಿದಿಟ್ಟುಕೊಳ್ಳುತ್ತದೆ. ಸ್ಥಿತಿಸ್ಥಾಪಕತೆಯ ಮಿತಿ ಮೀರಿ ಎಳೆದರೆ ಮರಳಿ ಬಾರದು. ಕಡಿಮೆ ಎಳೆದರೆ ನಡುಗಿ ನಡುಗಿ ಸಡಿಲವಾಗುತ್ತದೆ. ಆಮೇಲೆ ಅಳತೆ. ಚಕ್ರ ತೂಗಾಡುವಾಗ ಅಚ್ಚಿನಿಂದ ಹಿಂಬದಿಯ ಒಂದು ಗುರುತಿನವರೆಗೆ ಎಷ್ಟು, ನಾನು ಕುಳಿತಾಗ ಎಷ್ಟು ಎಂದು ಮನೆಯಾಕೆಯ ಕೈಯಲ್ಲಿ ಟೇಪು ಹಿಡಿಸಿ ನೋಡಿದೆ. “ನಿಮ್ಮ ಸೊಂಟ ನೋವಿಗೆ ಇಷ್ಟು ಲೆಕ್ಕ ಹಾಕಿದ್ರೆ ಎಂದೋ ವಾಸಿಯಾಗ್ತಿತ್ತು ಕಣ್ರೀ” ಎಂಬ ಟಿಪ್ಪಣಿಯೊಂದಿಗೆ ಆಕೆ ಅಂಕಿ ಹೇಳಿದಳು. ಒಟ್ಟು 180 ಮಿಲಿಮೀಟರು ಚಲಿಸಬಲ್ಲ ಚಕ್ರಕ್ಕೆ ಸುಮಾರು ಮೂರನೆಯ ಒಂದು ಭಾಗ ಇಳಿದರೆ ಸಾಕು. ಸ್ಪ್ರಿಂಗಿನ ಉಂಗುರವನ್ನು ಸ್ವಲ್ಪ ತಿರುಗಿಸಿ ಸರಿಮಾಡಿದೆ. ಆ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಇಲ್ಲ; ಸ್ಪ್ರಿಂಗಿನ ಸ್ವಭಾವ ಬದಲಾಗುವುದಿಲ್ಲ, ಗಾಡಿ ಕುಳಿತುಕೊಳ್ಳುವ ಎತ್ತರ ಬದಲಾಗುತ್ತದೆ, ಅಷ್ಟೇ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ತಡವಾಯಿತೆನ್ನುವುದನ್ನು ಬಿಟ್ಟರೆ ಕೆಲಸ ನಿರ್ವಿಘ್ನವಾಗಿ ಮುಗಿಯಿತು.

‘ಇದು ಜೀವದ ಪ್ರಶ್ನೆ, ತಜ್ಞರಿಗೆ ಬಿಡಬೇಕಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒತ್ತಡದ ಅನಿಲ ತುಂಬಿದ ಶಾಕಪ್ಪನ್ನು ಮನೆಯಲ್ಲಿ ಬಿಚ್ಚಬಾರದೆಂದು ನಾನೂ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಗ್ಯಾರೇಜಿಗೆ ಹೋಗಿ ಎಲ್ಲವನ್ನೂ ಪರೀಕ್ಷಿಸಲು ಹೇಳಿದೆ, ಅವನ ಸಮಯಕ್ಕೆ ಹಣವನ್ನೂ ಕೊಟ್ಟೆ. ಅವನು ಬೇಡವೆಂದರೂ ಬಿಡಲಿಲ್ಲ. ಆದರೆ ಸುರಕ್ಷತೆಯೇ ಕಾರಣವಾಗಿದ್ದರೆ ಬಿಗಿಯುವ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಹಂಚಬೇಕಿತ್ತಲ್ಲವೇ? ಮಾಹಿತಿ ಮುಚ್ಚಿಟ್ಟರೆ ಅಪಘಾತ ತಪ್ಪುವುದಿಲ್ಲ. ಅಂದಾಜಿನ ಮೇಲೆ ಬಿಗಿಯುವವರು ಹೆಚ್ಚುತ್ತಾರೆ. ‘ಎಲ್ಲರೂ ತಾವೇ ಮಾಡಿಕೊಂಡರೆ ಮೆಕ್ಯಾನಿಕ್‌ನ ಹೊಟ್ಟೆಪಾಡೇನು?’ ಎಂಬುದು ಇನ್ನೊಂದು ಪ್ರಶ್ನೆ. ಮನೆಯಲ್ಲಿ ಹಾಡಿಕೊಳ್ಳುವವರಿಂದ ಗಾಯಕರ ಹೊಟ್ಟೆಗೆ ಕಲ್ಲು ಬೀಳುವುದಿಲ್ಲ. ಒಳ್ಳೆಯ ಗಾಯನ ಯಾವುದೆಂದು ತಿಳಿಯುವವರು ಹೆಚ್ಚುತ್ತಾರೆ. ಒಂದು ಬೋಲ್ಟಿಗಾಗಿ ಬೆವರು ಸುರಿಸಿದವನು ಮೆಕ್ಯಾನಿಕ್‌ನ ಬಿಲ್ಲಿನ ಮುಂದೆ ಚೌಕಾಸಿ ಮಾಡುವುದಿಲ್ಲ. ಮೆಕ್ಯಾನಿಕ್‌ನ ಅನ್ನಕ್ಕೆ ನಿಜವಾಗಿ ಕುತ್ತು ತರುವುದು ಬಿಡಿಭಾಗವನ್ನೂ ಮಾಹಿತಿಯನ್ನೂ ಬೀಗದೊಳಗಿಡುವ ವ್ಯವಸ್ಥೆ.

ಈಗ ತಪ್ಪೊಪ್ಪಿಗೆಯ ಭಾಗ.

ಆ ಗ್ಯಾರೇಜಿನ ಹುಡುಗ (ಈಗ ನಲವತ್ತು ದಾಟಿದ್ದಾನೆ, ನನಗೆ ಇನ್ನೂ ಹುಡುಗನೇ) 1996ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ. ಸೂತ್ರಗಳು ತಲೆಗೆ ಹತ್ತುತ್ತಿರಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ಕೆಟ್ಟು ಮೂಲೆ ಸೇರಿದ್ದ ನಿರ್ವಾತ ಪಂಪನ್ನು ಒಂದು ಶನಿವಾರ ತೊಗಲಿನ ತುಂಡು ಕತ್ತರಿಸಿ ಹಾಕಿ ನಡೆಯುವಂತೆ ಮಾಡಿದವನು ಅವನು. ನಾನು ಬೆನ್ನು ತಟ್ಟಿದೆನೇ? ಇಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಿಂದಿರುಗಿಸುವಾಗ ಇಡೀ ತರಗತಿಯ ಎದುರಿಗೆ, “ಓದದಿದ್ದರೆ ನಿನಗೆ ಗ್ಯಾರೇಜೇ ಗತಿ” ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಎಸ್.ಎಸ್.ಎಲ್.ಸಿ. ದಾಟಲಿಲ್ಲ.

ಕೆಲಸದ ಶಿಕ್ಷಣದ ಬಗ್ಗೆ ನನಗೆ ತಿಳಿಯದೆ ಇರಲಿಲ್ಲ. ಬಿ.ಎಡ್. ಪರೀಕ್ಷೆಯಲ್ಲಿ 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯ ಮೂಲಶಿಕ್ಷಣ, ಜಾಕಿರ್ ಹುಸೇನ್ ಸಮಿತಿ, 1964–66ರ ಕೊಠಾರಿ ಆಯೋಗದ ‘ಕಾರ್ಯಾನುಭವ’ ಎಲ್ಲವನ್ನೂ ಬರೆದು ಅಂಕ ಗಳಿಸಿದವನು ನಾನು. 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ ಬಂದ ಎಸ್.ಯು.ಪಿ.ಡಬ್ಲ್ಯು. ನಮ್ಮ ವೇಳಾಪಟ್ಟಿಯಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ‘ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್’ ಎಂದು ಬಿಡಿಸಿ ನಗುತ್ತಿದ್ದೆವು, ಆ ಅವಧಿಯನ್ನು ಗಣಿತಕ್ಕೆ ಕೇಳಿ ಪಡೆಯುತ್ತಿದ್ದೆವು, ವರ್ಷದ ಕೊನೆಗೆ ಎಲ್ಲರಿಗೂ ‘ಎ’ ಶ್ರೇಣಿ ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು ಎಂದರೆ ಇದೇ.

ಇನ್ನೂ ಆಳದ ಮಾತೊಂದಿದೆ. ನಮ್ಮ ನಾಡಿನಲ್ಲಿ ಕೈಕೆಲಸದ ತಾತ್ಸಾರ ಬರೀ ತಾತ್ಸಾರವಲ್ಲ, ಅದರ ಬೇರು ಜಾತಿಯಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ತಮ್ಮ ಕಸುಬನ್ನೇ ಹೆಸರಿನಲ್ಲಿ ಹೊತ್ತು ಕಾಯಕದ ಘನತೆ ಸಾರಿದ ನಾಡಿದು. ವೇದಿಕೆಯಲ್ಲಿ ಅವರ ಜಯಂತಿಗೆ ಭಾಷಣ ಮಾಡಿ, ತರಗತಿಗೆ ಬಂದು ಕಸುಬನ್ನೇ ಬೆದರಿಕೆಯಾಗಿ ಬಳಸಿದವರು ನಾವು, ಮೇಷ್ಟ್ರುಗಳು. ಗ್ಯಾರೇಜನ್ನು ಶಿಕ್ಷೆಯಾಗಿ ತೋರಿಸಿದ ದಿನ ನಾನು ಅವಮಾನಿಸಿದ್ದು ಒಬ್ಬ ಹುಡುಗನನ್ನಷ್ಟೇ ಅಲ್ಲ. ಆ ತರಗತಿಯಲ್ಲಿ ಕುಳಿತಿದ್ದ ಬಡಗಿಯ ಮಗನನ್ನು, ಕಮ್ಮಾರನ ಮಗಳನ್ನು, ಅವರ ಮನೆಯ ಅನ್ನವನ್ನು.

ಗಾಡಿ ಪರೀಕ್ಷಿಸಿದ ದಿನ ಈ ಮಾತನ್ನು ಅವನಿಗೆ ಹೇಳಿದೆ. ತಪ್ಪಾಯಿತೆಂದೆ. ಅವನು ಕೈ ಒರೆಸಿಕೊಳ್ಳುತ್ತಾ, “ಬಿಡಿ ಸಾರ್, ನೀವು ಹೇಳಿದ್ದು ನಿಜಾನೇ ಆಯ್ತಲ್ಲ” ಎಂದು ನಕ್ಕ. ಆಮೇಲೆ ಮಗನ ಸುದ್ದಿ ಕೇಳಿದೆ. ಹತ್ತನೆಯ ತರಗತಿ, ರಜೆಯಲ್ಲಿ ಗ್ಯಾರೇಜಿಗೆ ಬಂದರೆ ಕೆಲಸ ಚೆನ್ನಾಗಿ ಹಿಡಿಯುತ್ತಾನಂತೆ. “ಆದರೆ ಬರಬೇಡ ಅಂತೀನಿ ಸಾರ್. ಓದದಿದ್ರೆ ಇಲ್ಲೇ ಬಿದ್ದಿರ್ತೀಯಾ ಅಂತ ಹೆದರಿಸಿದೀನಿ.”

ನನ್ನ ವಾಕ್ಯ! ಹೆಚ್ಚುಕಡಿಮೆ ಅದೇ ಪದಗಳು. ಮನೆಗೆ ಬರುವಾಗ ಗಾಡಿ ಹಳ್ಳ ದಿಣ್ಣೆಗಳ ಮೇಲೆ ನೀರಿನ ಮೇಲೆ ತೇಲಿದಂತೆ ಬಂತು, ನನಗೆ ಮಾತ್ರ ಸಂತೋಷವಾಗಲಿಲ್ಲ.

ಆದ್ದರಿಂದ ಪ್ರಿಯರೇ, ನಿಮ್ಮಲ್ಲಿ ಮೂರು ಬೇಡಿಕೆಗಳು. ವಾಹನ ಕಂಪನಿಗಳಲ್ಲಿ ಎಂಜಿನಿಯರುಗಳಾಗಿರುವ ನನ್ನ ವಿದ್ಯಾರ್ಥಿಗಳು ಹಲವರಿದ್ದೀರಿ: ದುರಸ್ತಿ ಕೈಪಿಡಿಯೂ ಬಿಡಿಭಾಗವೂ ಕೇಳಿದವರಿಗೆ ಸಿಗುವಂತೆ ನಿಮ್ಮ ಸಭೆಗಳಲ್ಲಿ ಒಮ್ಮೆಯಾದರೂ ಬಾಯಿಬಿಡಿ. ಮೇಷ್ಟ್ರುಗಳಾಗಿರುವವರೇ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಮಕ್ಕಳು ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂಬ ಒಂದು ಮಾತು ಅದರಲ್ಲಿದೆ, ಅದನ್ನೂ ಗಣಿತದ ಅವಧಿಗೆ ಕೊಟ್ಟುಬಿಡಬೇಡಿ, ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಇನ್ನು ತಂದೆತಾಯಂದಿರಾಗಿರುವವರೇ: ಮಗಳ ಕೈಗೂ ಮಗನ ಕೈಗೂ ಒಂದೊಂದು ಸ್ಪ್ಯಾನರ್ ಕೊಡಿ, ಸೈಕಲ್ಲಿನ ಚೈನಾದರೂ ಬಿಚ್ಚಿ ಹಾಕಲಿ. ಯಾರ ಕಸುಬನ್ನೂ ಮಕ್ಕಳ ಮುಂದೆ ಗುಮ್ಮನನ್ನಾಗಿ ಮಾಡಬೇಡಿ.

ಸೋದರಳಿಯನಿಗೆ ಉತ್ತರ: ದುಡ್ಡಿಗೆ ತೊಂದರೆಯಿಲ್ಲಪ್ಪಾ. ಮುಂದಿನ ಬಾರಿ ಬಂದಾಗ ಹಳೆಯ ಅಂಗಿಯೊಂದನ್ನು ತೆಗೆದುಕೊಂಡು ಬಾ. ಮುಂದಿನ ಚಕ್ರದ ಬ್ರೇಕ್ ಪ್ಯಾಡು ಬದಲಿಸುವುದಿದೆ. ನೀನು ಸ್ಪ್ಯಾನರ್ ಹಿಡಿ, ನಾನು ಕಾಫಿ ತರುತ್ತೇನೆ.

ಮತ್ತೆ ಬರೆಯುತ್ತೇನೆ. ಎಲ್ಲರಿಗೂ ಒಳಿತಾಗಲಿ.